ಡ್ರಿಫ್ಟ್ ಆದ ಜಾಯ್-ಕಾನ್, 15 ವೋಲ್ಟ್ ಹಿಡಿಯದ ಸ್ವಿಚ್: ಒಂದು ರಿಪೇರಿಯ ವಿವರ

ರಿಪೇರಿಗೆ ಬಂದದ್ದು 2017ರ ಮೊದಲ ಮಾದರಿಯ ನಿಂಟೆಂಡೊ ಸ್ವಿಚ್ ಎಂಬ ಗೇಮ್ ಯಂತ್ರ. ಹಿಂದೆ ಎಚ್‌ಎಸಿ-001 ಅಂತ ಬರೆದಿರುತ್ತದಲ್ಲ, ಅದು. ದೂರು ಎರಡು. ಎಡ ಜಾಯ್-ಕಾನ್‌ನ, ಅಂದರೆ ಪಕ್ಕಕ್ಕೆ ಸಿಕ್ಕಿಸುವ ಕಂಟ್ರೋಲರ್‌ನ, ಸ್ಟಿಕ್ ಮುಟ್ಟದಿದ್ದರೂ ಆಟದ ಪಾತ್ರ ತಾನಾಗಿಯೇ ಮೇಲಕ್ಕೆ ನಡೆಯುತ್ತದೆ, ಇದಕ್ಕೇ ಡ್ರಿಫ್ಟ್ ಅನ್ನುವುದು. ಟಿವಿಗೆ ಜೋಡಿಸುವ ಡಾಕ್‌ನಲ್ಲಿ ಕೂರಿಸಿದರೆ ಚಿತ್ರ ಬರುವುದಿಲ್ಲ, ಚಾರ್ಜ್ ಮಾತ್ರ ತೀರಾ ನಿಧಾನವಾಗಿ ಏರುತ್ತದೆ. ಈ ಎರಡಕ್ಕೂ ಪರಸ್ಪರ ಸಂಬಂಧವಿಲ್ಲ. ಮೊದಲನೆಯದು ಸವೆತ, ಮನೆಯಲ್ಲೇ ಸರಿಮಾಡಬಹುದು. ಎರಡನೆಯದು ಬೋರ್ಡಿನ ಕೆಲಸ, ಹಾಟ್ ಏರ್ (ಬಿಸಿಗಾಳಿಯಿಂದ ಬೆಸುಗೆ ಕರಗಿಸುವ ಉಪಕರಣ) ಕೈಗೆ ಪಳಗಿದವರೇ ಮಾಡಬೇಕು. ಯಾವುದು ಯಾವ ಜಾತಿಯ ದೋಷ ಎಂದು ಸ್ಕ್ರೂ ಬಿಚ್ಚುವ ಮೊದಲೇ ತಿಳಿದುಕೊಳ್ಳುವುದರಲ್ಲಿ ಅರ್ಧ ರಿಪೇರಿ ಮುಗಿದಿರುತ್ತದೆ.

ನಮ್ಮಲ್ಲಿ ಇದು ಇನ್ನಷ್ಟು ಮುಖ್ಯ. ನಿಂಟೆಂಡೊ ಸ್ವಿಚ್ ಅನ್ನು ಭಾರತದಲ್ಲಿ ಅಧಿಕೃತವಾಗಿ ಬಿಡುಗಡೆ ಮಾಡಲೇ ಇಲ್ಲ. ಇಲ್ಲಿರುವವು ಆಮದುದಾರರ ಮೂಲಕ ಬಂದವು, ಇಲ್ಲವೇ ದುಬೈ, ಸಿಂಗಪುರ, ಅಮೆರಿಕದಿಂದ ಸೂಟ್‌ಕೇಸಿನಲ್ಲಿ ಬಂದವು. ಅಧಿಕೃತ ಸರ್ವಿಸ್ ಸೆಂಟರ್ ಎಂಬುದಿಲ್ಲ. ಯುರೋಪಿನ ಗ್ರಾಹಕ ಸಂಘಟನೆಗಳು 2021ರಲ್ಲಿ ಡ್ರಿಫ್ಟ್ ಬಗ್ಗೆ ದೂರು ಕೊಟ್ಟ ಮೇಲೆ, 2023ರಲ್ಲಿ ನಿಂಟೆಂಡೊ ಐರೋಪ್ಯ ಆರ್ಥಿಕ ವಲಯ, ಬ್ರಿಟನ್ ಮತ್ತು ಸ್ವಿಟ್ಜರ್ಲೆಂಡ್‌ಗಳಲ್ಲಿ ವಾರಂಟಿ ಮುಗಿದಿದ್ದರೂ ಡ್ರಿಫ್ಟ್ ರಿಪೇರಿಯನ್ನು ಉಚಿತವಾಗಿ ಮಾಡಿಕೊಡಲು ಒಪ್ಪಿತು. ಆದ್ದರಿಂದ ಜರ್ಮನಿ, ಬ್ರಿಟನ್ ಕಡೆ ಇರುವ ಕನ್ನಡಿಗರು ಜಾಯ್-ಕಾನ್ ಬಿಚ್ಚುವ ಮೊದಲು ನಿಂಟೆಂಡೊದವರನ್ನೇ ಕೇಳಲಿ. ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿನಲ್ಲಿ ಇರುವವರಿಗೆ ಸ್ವಂತ ಕೈ, ಅಥವಾ ನಂಬಿಕೆಯ ಬೋರ್ಡ್ ರಿಪೇರಿಯವರು, ಇವೆರಡೇ ದಾರಿ.

ಮೊದಲು ಸ್ಟಿಕ್. ಸಿಸ್ಟಮ್ ಸೆಟ್ಟಿಂಗ್ಸ್, ಕಂಟ್ರೋಲರ್ಸ್ ಅಂಡ್ ಸೆನ್ಸರ್ಸ್, ಅದರೊಳಗೆ ಕ್ಯಾಲಿಬ್ರೇಟ್ ಕಂಟ್ರೋಲ್ ಸ್ಟಿಕ್ಸ್. ಅಲ್ಲಿ ಸ್ಟಿಕ್ ಅನ್ನು ಒತ್ತಿದರೆ ಒಂದು ವೃತ್ತ ಬರುತ್ತದೆ, ಸ್ಟಿಕ್ ಎಲ್ಲಿದೆ ಎಂದು ಅದರೊಳಗೆ ಕಾಣುತ್ತದೆ. ಕೈ ಬಿಟ್ಟರೆ ಗುರುತು ನಡುವೆ ನಿಲ್ಲಬೇಕು. ನಾನು ಕೇವಲ ಕೈ ಬಿಟ್ಟು ನೋಡುವುದಿಲ್ಲ. ಸ್ಟಿಕ್ ಅನ್ನು ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಪೂರ್ತಿ ತಳ್ಳಿ ಪ್ರತಿ ಸಲವೂ ಥಟ್ಟನೆ ಬಿಟ್ಟು, ಅದು ಮರಳಿ ಎಲ್ಲಿ ನಿಲ್ಲುತ್ತದೆ ಎಂದು ನೋಡುತ್ತೇನೆ. ಪ್ರತಿ ಸಲವೂ ಒಂದೇ ಜಾಗದಲ್ಲಿ, ನಡುವಿನಿಂದ ಸ್ವಲ್ಪ ಪಕ್ಕದಲ್ಲಿ ನಿಂತರೆ ಕ್ಯಾಲಿಬ್ರೇಷನ್ (ಸ್ಟಿಕ್‌ನ ನಡು, ಅಂಚು ಎಲ್ಲಿ ಎಂದು ಯಂತ್ರಕ್ಕೆ ಮತ್ತೆ ತಿಳಿಸುವುದು) ಮಾಡಿದರೆ ಸಾಕು, ಬಿಚ್ಚುವ ಅಗತ್ಯವಿಲ್ಲ. ಒಂದೊಂದು ಸಲ ಒಂದೊಂದು ಕಡೆ ನಿಂತರೆ, ಅಥವಾ ನಿಂತಲ್ಲೇ ನಡುಗುತ್ತಿದ್ದರೆ, ಒಳಗಿನ ಟ್ರ್ಯಾಕ್ ಸವೆದಿದೆ ಅಂತ ಅರ್ಥ. ಅದನ್ನು ಕ್ಯಾಲಿಬ್ರೇಷನ್ ಸರಿಮಾಡದು, ಒಂದೆರಡು ದಿನ ಮುಚ್ಚಿಡುತ್ತದೆ ಅಷ್ಟೆ. ಈ ಜಾಯ್-ಕಾನ್ ಎರಡನೆಯ ಬಗೆಯದು. ಎಡ-ಬಲ ಸರಿಯಿದೆ, ಮೇಲೆ-ಕೆಳಗೆ ಮಾತ್ರ ಪ್ರತಿ ಸಲ ಬೇರೆ.

ಇದರ ಜೊತೆ ಗೊಂದಲ ಮಾಡಿಕೊಳ್ಳಬಾರದ ಇನ್ನೊಂದು ದೋಷವಿದೆ. 2017ರ ಶುರುವಿನ ಎಡ ಜಾಯ್-ಕಾನ್‌ಗಳಲ್ಲಿ ವೈರ್‌ಲೆಸ್ ಸಂಪರ್ಕ ನಡುನಡುವೆ ತಪ್ಪುತ್ತಿತ್ತು. ಪಾತ್ರ ಒಂದೇ ದಿಕ್ಕಿನಲ್ಲಿ ಸ್ವಲ್ಪ ಹೊತ್ತು ಓಡಿ ನಿಲ್ಲುತ್ತದೆ, ನೋಡಿದವರಿಗೆ ಡ್ರಿಫ್ಟ್ ಅನ್ನಿಸುತ್ತದೆ. ನಿಂಟೆಂಡೊ ಅದನ್ನು ಆಂಟೆನಾ ಇರುವ ಮೂಲೆಯಲ್ಲಿ ವಿದ್ಯುತ್ ಹರಿಯುವ ಫೋಮ್‌ನ ಚಿಕ್ಕ ತುಂಡೊಂದನ್ನು ಇಟ್ಟು ಸರಿಮಾಡಿತು. ಪರೀಕ್ಷೆ ಸುಲಭ: ಜಾಯ್-ಕಾನ್ ಅನ್ನು ಸ್ವಿಚ್‌ಗೆ ಸಿಕ್ಕಿಸಿ ಆಡಿ. ಸಿಕ್ಕಿಸಿದಾಗ ಮಾಯವಾದರೆ ಅದು ಸಂಪರ್ಕದ ತೊಂದರೆ. ಸಿಕ್ಕಿಸಿದಾಗಲೂ ಇದ್ದರೆ ಸ್ಟಿಕ್‌ನದ್ದು.

ಸ್ಟಿಕ್ ಯಾಕೆ ಹಾಳಾಗುತ್ತದೆ ಎಂಬುದನ್ನು ಹಳೆಯ ಸ್ಟಿಕ್ ಒಂದನ್ನು ಬಿಚ್ಚಿದರೆ ಕಣ್ಣಾರೆ ಕಾಣಬಹುದು. ಹಿಂದಿನ ಲೋಹದ ತಟ್ಟೆಯ ಕೊಕ್ಕೆಗಳನ್ನು ಎತ್ತಿದರೆ ತೆಳುವಾದ ಪ್ಲಾಸ್ಟಿಕ್ ಹಾಳೆಯ ಮೇಲೆ ಕಪ್ಪು ಇಂಗಾಲದ ಟ್ರ್ಯಾಕ್‌ಗಳಿವೆ. ಒಂದಕ್ಕೊಂದು ಲಂಬವಾಗಿ ಸರಿಯುವ ಎರಡು ಪ್ಲಾಸ್ಟಿಕ್ ಸ್ಲೈಡರ್‌ಗಳಿವೆ, ಅವುಗಳ ಬೆನ್ನಿಗೆ ಲೋಹದ ಸಣ್ಣ ಬೆರಳುಗಳು. ಸ್ಟಿಕ್ ಅಲುಗಿದಂತೆ ಆ ಬೆರಳು ಇಂಗಾಲದ ಮೇಲೆ ಉಜ್ಜುತ್ತದೆ, ಪ್ರತಿರೋಧ ಬದಲಾಗುತ್ತದೆ, ಸ್ವಿಚ್ ಅದನ್ನು ಓದುತ್ತದೆ. ಸ್ಟಿಕ್ ಹೆಚ್ಚು ಹೊತ್ತು ಇರುವುದು ನಡುವಿನ ಆಸುಪಾಸಿನಲ್ಲೇ, ಹಾಗಾಗಿ ಅಲ್ಲೇ ಹೆಚ್ಚು ಸವೆತ. ಭೂತಗನ್ನಡಿ ಹಿಡಿದರೆ ಟ್ರ್ಯಾಕ್‌ನ ನಡುವೆ ಬೆರಳು ಓಡಾಡಿದ ಜಾಗ ಹೊಳೆಯುವ ಗೆರೆಯಾಗಿರುತ್ತದೆ, ಅದರ ಎರಡೂ ಬದಿಗೆ ಕೆರೆದುಬಂದ ಕಪ್ಪು ಪುಡಿ ಗುಡ್ಡೆಯಾಗಿರುತ್ತದೆ. ಆ ಪುಡಿ ಬೆರಳಿನ ಅಡಿಗೆ ಹೋದಾಗ ಓದು ತಪ್ಪುತ್ತದೆ.

ಇದು ಗೊತ್ತಿದ್ದರೆ ಅಂತರ್ಜಾಲದಲ್ಲಿ ಓಡಾಡುವ ಉಪಾಯಗಳ ಬೆಲೆಯೂ ಗೊತ್ತಾಗುತ್ತದೆ. ಸ್ಟಿಕ್‌ನ ಬುಡದ ರಬ್ಬರ್ ಅಂಚನ್ನು ಎತ್ತಿ ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಗಿರಗಿರನೆ ತಿರುಗಿಸಿದರೆ ಪುಡಿ ಸರಿಯುತ್ತದೆ, ಡ್ರಿಫ್ಟ್ ನಿಲ್ಲುತ್ತದೆ, ಕೆಲವು ವಾರಗಳಲ್ಲಿ ಮರಳಿ ಬರುತ್ತದೆ. ಸವೆದ ಇಂಗಾಲವನ್ನು ಯಾವ ದ್ರಾವಣವೂ ತಿರುಗಿ ಬೆಳೆಸುವುದಿಲ್ಲ. ಹಾಕಲೇಬೇಕಿದ್ದರೆ ಒಣಗಿದ ಮೇಲೆ ಏನೂ ಉಳಿಯದ ಎಲೆಕ್ಟ್ರಿಕಲ್ ಕಾಂಟ್ಯಾಕ್ಟ್ ಕ್ಲೀನರ್ ಅಥವಾ 99 ಪ್ರತಿಶತ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ. ಬಾಗಿಲ ಕೀಲಿಗೆ ಹಾಕುವ ಎಣ್ಣೆಯ ಸ್ಪ್ರೇ ಬೇಡ, ಅದು ಒಳಗೇ ಉಳಿದು ಪುಡಿಯನ್ನು ಅಂಟಿಸಿಕೊಳ್ಳುತ್ತದೆ. 2021ರಲ್ಲಿ ಹೆಸರಾದ ಇನ್ನೊಂದು ಉಪಾಯ, ಸ್ಟಿಕ್‌ನ ಲೋಹದ ತಟ್ಟೆಯ ಹಿಂದೆ ಸುಮಾರು 1 ಮಿ.ಮೀ. ದಪ್ಪದ ರಟ್ಟಿನ ತುಂಡು ಇಟ್ಟು ಮುಚ್ಚುವುದು. ಇದರ ಹಿಂದಿನ ತರ್ಕ ಸರಿಯಾಗಿಯೇ ಇದೆ. ರಟ್ಟಿನ ಒತ್ತಡಕ್ಕೆ ಟ್ರ್ಯಾಕ್ ಬೆರಳಿನ ಹತ್ತಿರ ಬರುತ್ತದೆ, ಸಡಿಲವಾಗಿದ್ದ ಸಂಪರ್ಕ ಬಿಗಿಯಾಗುತ್ತದೆ. ಸವೆತ ಸ್ವಲ್ಪವೇ ಇದ್ದರೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಹೇಗೂ ಬಿಚ್ಚಿದ ಮೇಲೆ ಇನ್ನೆರಡು ಸ್ಕ್ರೂ ತೆಗೆದು ಸ್ಟಿಕ್ ಬದಲಿಸುವುದೇ ಮೇಲು.

ಬದಲಿಗೆ ಏನು ಹಾಕಬೇಕು? ಮೂಲದ ಹಾಗೆಯೇ ಇಂಗಾಲದ ಟ್ರ್ಯಾಕ್ ಇರುವ ಅಗ್ಗದ ಸ್ಟಿಕ್ ಸಿಗುತ್ತದೆ, ಮತ್ತೆ ಅದೇ ಸವೆತ. ನಾನು ಹಾಕುವುದು ಹಾಲ್ ಎಫೆಕ್ಟ್ ಸ್ಟಿಕ್. ಇದರಲ್ಲಿ ಆಯಸ್ಕಾಂತ ಮತ್ತು ಸೆನ್ಸರ್ ಒಂದಕ್ಕೊಂದು ತಾಗುವುದೇ ಇಲ್ಲ, ಹಾಗಾಗಿ ಓದುವ ಭಾಗ ಉಜ್ಜಿ ಸವೆಯುವ ಪ್ರಶ್ನೆಯಿಲ್ಲ. ಗುಲಿಕಿಟ್ ಎಂಬ ಕಂಪನಿ ಜಾಯ್-ಕಾನ್‌ಗೆ ಸರಿಹೊಂದುವ ಹಾಲ್ ಸ್ಟಿಕ್ ಅನ್ನು 2022ರಲ್ಲಿ ತಂದ ಮೇಲೆ ಇದು ಸುಲಭವಾಯಿತು. ಸ್ವಿಚ್ ಲೈಟ್‌ಗೂ ಅದೇ ಆಗುತ್ತದೆ, ಆದರೆ ಲೈಟ್‌ನಲ್ಲಿ ಕಂಟ್ರೋಲರ್ ಕಳಚಿ ಬರುವುದಿಲ್ಲವಾದ್ದರಿಂದ ಇಡೀ ಯಂತ್ರವನ್ನೇ ಬಿಚ್ಚಬೇಕು. 2025ರ ಜೂನ್‌ನಲ್ಲಿ ಬಂದ ಸ್ವಿಚ್ 2ರ ಜಾಯ್-ಕಾನ್‌ಗಳಿಗೂ ನಿಂಟೆಂಡೊ ಹಾಲ್ ಸ್ಟಿಕ್ ಹಾಕಲಿಲ್ಲ. ಇಷ್ಟೆಲ್ಲ ದೂರು ಕೇಳಿದ ಮೇಲೂ ಹೀಗೆ ಮಾಡಿದ್ದು ಬೇಸರದ ಸಂಗತಿ.

ಬೇಕಾದ ಸಾಮಾನು: ಮೂರು ರೆಕ್ಕೆಯ ವೈ00 ಸ್ಕ್ರೂಡ್ರೈವರ್, 000 ಅಳತೆಯ ಪ್ಲಸ್ ಡ್ರೈವರ್, ತೆಳು ಪ್ಲಾಸ್ಟಿಕ್ ಪಿಕ್, ಚೂಪು ಟ್ವೀಜರ್, ಪ್ಲಾಸ್ಟಿಕ್ ಸ್ಪಡ್ಜರ್ (ಭಾಗಗಳನ್ನು ಎತ್ತುವ ಚಪ್ಪಟೆ ಕಡ್ಡಿ). ಸ್ಟಿಕ್ ಜೊತೆ ಬರುವ ಡ್ರೈವರ್‌ಗಳ ತುದಿ ಮೆತ್ತಗಿರುತ್ತದೆ, ಎರಡನೇ ಸ್ಕ್ರೂಗೆ ಉರುಟಾಗಿ ಸ್ಕ್ರೂವಿನ ತಲೆಯನ್ನೂ ಹಾಳುಮಾಡುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಮೊಬೈಲ್ ರಿಪೇರಿ ಸಾಮಾನು ಮಾರುವ ಅಂಗಡಿಗಳಲ್ಲಿ ಒಳ್ಳೆಯ ಉಕ್ಕಿನ ಬಿಟ್ ಕೇಳಿ ತನ್ನಿ. ಇನ್ನೊಂದು ವಿಷಯ, ಸ್ವಿಚ್‌ನ ಪ್ಲಸ್ ಸ್ಕ್ರೂಗಳು ಜಪಾನಿನ ಜೆಐಎಸ್ ಅಳತೆಯವು. ಸಾಮಾನ್ಯ ಫಿಲಿಪ್ಸ್ ಬಿಟ್ ಅದರಲ್ಲಿ ಪೂರ್ತಿ ಇಳಿಯುವುದಿಲ್ಲ. ಜೆಐಎಸ್ 000 ಸಿಕ್ಕರೆ ಅದನ್ನೇ ತನ್ನಿ, ಸಿಗದಿದ್ದರೆ ತಿರುಗಿಸುವ ಬಲಕ್ಕಿಂತ ಒತ್ತುವ ಬಲ ಹೆಚ್ಚಿರಲಿ.

ಜಾಯ್-ಕಾನ್ ಅನ್ನು ಸ್ವಿಚ್‌ನಿಂದ ಕಳಚಿ, ಹಿಂಬದಿಯ ನಾಲ್ಕು ವೈ00 ಸ್ಕ್ರೂ ತೆಗೆದೆ. ಪಿಕ್ ಅನ್ನು ಜೋಡಣೆಯ ಗೆರೆಯಲ್ಲಿ ತೂರಿಸಿ ಸುತ್ತ ಸರಿಸಿದರೆ ಮುಚ್ಚಳ ಬಿಡುತ್ತದೆ. ಇಲ್ಲಿ ಎಳೆಯಬಾರದು. ರೈಲಿನಿಂದ (ಜಾಯ್-ಕಾನ್ ಸ್ವಿಚ್‌ಗೆ ಜಾರಿ ಕೂರುವ ಪಟ್ಟಿ) ಒಳಗಿನ ಬೋರ್ಡಿಗೆ ಹೋಗುವ ಫ್ಲೆಕ್ಸ್, ಅಂದರೆ ತೆಳು ಪಟ್ಟಿಯಂಥ ಕೇಬಲ್, ಎರಡೂ ಭಾಗಗಳನ್ನು ಹಿಡಿದುಕೊಂಡಿರುತ್ತದೆ. ಪುಸ್ತಕ ತೆರೆದ ಹಾಗೆ, ರೈಲಿನ ಕಡೆ ಬೆನ್ನು ಇರುವಂತೆ ಮೆಲ್ಲನೆ ಮಗುಚಬೇಕು. ಮೊದಲ ಸಲ ಬಿಚ್ಚುವವರು ಹೆಚ್ಚಾಗಿ ಹರಿಯುವುದು ಇದೇ ಫ್ಲೆಕ್ಸ್. ಹರಿದರೆ ರೈಲಿನ ಎಸ್‌ಎಲ್, ಎಸ್‌ಆರ್ ಬಟನ್‌ಗಳೂ ಸಿಂಕ್ ಬಟನ್ನೂ ಸತ್ತುಹೋಗುತ್ತವೆ. ಆಮೇಲೆ ರೈಲಿನ ಫ್ಲೆಕ್ಸ್ ಬೇರೆ ಹುಡುಕಬೇಕು.

ಮೊದಲು ಬ್ಯಾಟರಿ. 525 ಎಂಎಎಚ್‌ನ ಚಿಕ್ಕ ಬ್ಯಾಟರಿ ನಡುವಿನ ಪ್ಲಾಸ್ಟಿಕ್ ತಟ್ಟೆಯಲ್ಲಿ ಹಗುರ ಅಂಟಿನಿಂದ ಕೂತಿರುತ್ತದೆ. ಅದನ್ನು ಸ್ಪಡ್ಜರ್‌ನಿಂದ ಬದಿಯಿಂದ ಎತ್ತಿ, ಕನೆಕ್ಟರ್ ಅನ್ನು ನೇರ ಮೇಲಕ್ಕೆ ಬಿಡಿಸಬೇಕು. ವೈರ್ ಹಿಡಿದು ಪಕ್ಕಕ್ಕೆ ಎಳೆದರೆ ಬೋರ್ಡಿನ ಸಾಕೆಟ್ ಪ್ಯಾಡ್ ಸಮೇತ ಕಿತ್ತು ಬರುತ್ತದೆ. ಚೂಪಾದ ಲೋಹ ಬ್ಯಾಟರಿಗೆ ತಾಗಿಸಬಾರದು. ಆಮೇಲೆ ನಡುವಿನ ತಟ್ಟೆಯ ಮೂರು ಪ್ಲಸ್ ಸ್ಕ್ರೂ. ತಟ್ಟೆಯನ್ನೂ ಪೂರ್ತಿ ಎತ್ತಬಾರದು, ಝಡ್‌ಎಲ್ ಬಟನ್‌ನ ಫ್ಲೆಕ್ಸ್ ಅದಕ್ಕೆ ಅಂಟಿಕೊಂಡಿದೆ. ಪಕ್ಕಕ್ಕೆ ಮಗುಚಿ ಇಟ್ಟರಾಯಿತು. ಇದೇ ಹೊತ್ತಿಗೆ ಭುಜದ ಬಟನ್‌ಗಳ ಸಣ್ಣ ಸ್ಪ್ರಿಂಗ್‌ಗಳು ಹಾರುವ ಸಂಭವವಿದೆ. ಬಿಳಿ ಬಟ್ಟೆ ಹಾಸಿ ಕೆಲಸ ಮಾಡಿ, ತಟ್ಟೆ ಎತ್ತುವ ಮೊದಲು ಫೋನಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ.

ಈಗ ಸ್ಟಿಕ್ ಕಾಣುತ್ತದೆ. ಅದರ ಫ್ಲೆಕ್ಸ್ ಹೋಗಿ ಸೇರುವ ಸಾಕೆಟ್‌ನಲ್ಲಿ ಉಗುರಿಗಿಂತ ಚಿಕ್ಕ ಮುಚ್ಚಳವಿದೆ. ಅದನ್ನು ಫ್ಲೆಕ್ಸ್ ಒಳಹೋಗುವ ಬದಿಯ ವಿರುದ್ಧ ದಿಕ್ಕಿನಿಂದ ಮೇಲಕ್ಕೆ ಎತ್ತಿ ನಿಲ್ಲಿಸಬೇಕು. ಎತ್ತುವ ಮೊದಲು ಫ್ಲೆಕ್ಸ್ ಎಳೆದರೆ ತುದಿಯ ಚಿನ್ನದ ಲೇಪ ಕಿತ್ತುಹೋಗುತ್ತದೆ. ಬಲವಾಗಿ ಎತ್ತಿದರೆ ಮುಚ್ಚಳವೇ ಮುರಿಯುತ್ತದೆ. ಮುರಿದರೆ ಫ್ಲೆಕ್ಸ್ ಮೇಲೆ ಕ್ಯಾಪ್ಟಾನ್ ಟೇಪ್ (ಶಾಖ ತಡೆಯುವ ತೆಳು ಟೇಪ್) ಇಟ್ಟು ದಪ್ಪ ಮಾಡಿ ತೂರಿಸುವ ದಾರಿಯಿದೆ, ಆದರೆ ಅದು ಶಾಶ್ವತವಲ್ಲ. ಫ್ಲೆಕ್ಸ್ ಬಿಡಿಸಿ, ಸ್ಟಿಕ್ ಹಿಡಿದಿರುವ ಎರಡು ಸ್ಕ್ರೂ ತೆಗೆದು, ಹಳೆಯದನ್ನು ಹೊರಗೆಳೆದು, ಹೊಸದನ್ನು ಅದೇ ಜಾಗದಲ್ಲಿ ಕೂರಿಸಿದೆ. ಸುತ್ತಲಿನ ರಬ್ಬರ್ ಅಂಚು ಮಡಚದೆ ಸರಿಯಾಗಿ ಕೂರಬೇಕು. ಮಡಚಿದರೆ ಸ್ಟಿಕ್ ಒಂದು ಕಡೆ ಬಿಗಿಯಾಗಿ, ಕ್ಯಾಲಿಬ್ರೇಷನ್ ಎಷ್ಟು ಮಾಡಿದರೂ ಸರಿಬರುವುದಿಲ್ಲ. ಹೊಸ ಫ್ಲೆಕ್ಸ್ ಅನ್ನು ಸಾಕೆಟ್‌ಗೆ ನೇರವಾಗಿ, ಚಿನ್ನದ ಗೆರೆಗಳು ಹೊರಗೆ ಕಾಣದಷ್ಟು ಒಳಕ್ಕೆ ತಳ್ಳಿ ಮುಚ್ಚಳ ಒತ್ತಬೇಕು.

ಮುಚ್ಚಳ ಹಾಕಿ ಸ್ಕ್ರೂ ಬಿಗಿಯುವ ಮೊದಲು ಬ್ಯಾಟರಿ ಕನೆಕ್ಟರ್ ಹಾಕಿ ಒಮ್ಮೆ ಪರೀಕ್ಷಿಸಿದರೆ ಎರಡು ಸಲ ಬಿಚ್ಚುವ ಕೆಲಸ ತಪ್ಪುತ್ತದೆ. ಕಂಟ್ರೋಲರ್ಸ್ ಅಂಡ್ ಸೆನ್ಸರ್ಸ್ ಒಳಗೆ ಟೆಸ್ಟ್ ಇನ್‌ಪುಟ್ ಡಿವೈಸಸ್ ಇದೆ, ಅಲ್ಲಿ ಸ್ಟಿಕ್ ಒತ್ತುವುದೂ ಸೇರಿ ಪ್ರತಿ ಬಟನ್ ಒತ್ತಿ ನೋಡಿ. ಆಮೇಲೆ ಕ್ಯಾಲಿಬ್ರೇಷನ್. ಹಾಲ್ ಸ್ಟಿಕ್‌ಗೆ ಇದು ಕಡ್ಡಾಯ, ಯಾಕೆಂದರೆ ಹಳೆಯ ಸ್ಟಿಕ್‌ನ ನಡುವಿನ ಅಂಕೆಗಳೇ ಜಾಯ್-ಕಾನ್‌ನ ನೆನಪಿನಲ್ಲಿ ಉಳಿದಿರುತ್ತವೆ. ಕ್ಯಾಲಿಬ್ರೇಷನ್ ಆದ ಮೇಲೂ ವೃತ್ತದ ಅಂಚು ಒಂದು ಕಡೆ ಮುಟ್ಟದಿದ್ದರೆ ಇನ್ನೊಮ್ಮೆ ಮಾಡಿ, ಈ ಸಲ ಸ್ಟಿಕ್ ಅನ್ನು ಅಂಚಿಗೆ ಒತ್ತಿ ಹಿಡಿದು ನಿಧಾನವಾಗಿ ಸುತ್ತಿಸಿ.

ಇನ್ನು ಟಿವಿಗೆ ಚಿತ್ರ ಬಾರದ ಸಮಸ್ಯೆ. ಇಲ್ಲಿ ಮೊದಲ ಆಯುಧ ಯುಎಸ್‌ಬಿ-ಸಿ ಮೀಟರ್, ಚಾರ್ಜರ್ ಮತ್ತು ಸ್ವಿಚ್ ನಡುವೆ ಸಿಕ್ಕಿಸುವ ಚಿಕ್ಕ ಪೆಟ್ಟಿಗೆ. ನಿಂಟೆಂಡೊದ ಅಡಾಪ್ಟರ್ ಎರಡು ಮಟ್ಟದಲ್ಲಿ ವಿದ್ಯುತ್ ಕೊಡುತ್ತದೆ: 5 ವೋಲ್ಟ್‌ನಲ್ಲಿ 1.5 ಆಂಪ್, 15 ವೋಲ್ಟ್‌ನಲ್ಲಿ 2.6 ಆಂಪ್. ಸ್ವಿಚ್ ಮೊದಲು 5 ವೋಲ್ಟ್ ತೆಗೆದುಕೊಂಡು, ಅಡಾಪ್ಟರ್ ಜೊತೆ ಮಾತಾಡಿ 15ಕ್ಕೆ ಏರಬೇಕು. ಡಾಕ್‌ನಲ್ಲಿ ಟಿವಿಗೆ ಚಿತ್ರ ಹೋಗಬೇಕಾದರೆ 15 ವೋಲ್ಟ್ ಬೇಕೇ ಬೇಕು. ಈ ಸ್ವಿಚ್ 5 ವೋಲ್ಟ್, ಸುಮಾರು 0.4 ಆಂಪ್‌ಗೆ ನಿಂತುಬಿಟ್ಟಿತು. ಅಡಾಪ್ಟರ್ ಪ್ಲಗ್ ಅನ್ನು ಅರ್ಧ ನಿಮಿಷ ಗೋಡೆಯಿಂದ ತೆಗೆದಿಟ್ಟು ಮತ್ತೆ ಹಾಕಿದ್ದಾಯಿತು, ಪವರ್ ಬಟನ್ 12 ಸೆಕೆಂಡ್ ಒತ್ತಿ ಹಿಡಿದು ರೀಸೆಟ್ ಮಾಡಿದ್ದಾಯಿತು, ಬೇರೆ ಅಡಾಪ್ಟರ್ ಹಾಕಿ ನೋಡಿದ್ದಾಯಿತು. ಪ್ಲಗ್ ಅನ್ನು ಮಗುಚಿ ಹಾಕಿದರೂ ಅಷ್ಟೇ. ಒಂದು ದಿಕ್ಕಿನಲ್ಲಿ ಮಾತ್ರ ಸರಿಯಾಗಿ ಚಾರ್ಜ್ ಆಗಿದ್ದರೆ ಪೋರ್ಟ್‌ನ 24 ಪಿನ್‌ಗಳಲ್ಲಿ ಯಾವುದೋ ಬಾಗಿದೆ ಎನ್ನಬಹುದಿತ್ತು. ಎರಡೂ ದಿಕ್ಕಿನಲ್ಲಿ ಒಂದೇ ಅಂಕೆ, ಪಿನ್‌ಗಳು ಟಾರ್ಚ್ ಬೆಳಕಿನಲ್ಲಿ ನೇರವಾಗಿವೆ. ಹಾಗಾದರೆ ಸಂದೇಹ ಎಂ92ಟಿ36 ಎಂಬ ಐಸಿ (ಚಿಪ್) ಮೇಲೆ. ಚಾರ್ಜರ್ ಜೊತೆ ವೋಲ್ಟೇಜ್ ಮಾತುಕತೆ ನಡೆಸುವುದು ಅದೇ. ಬ್ಯಾಟರಿಗೆ ಚಾರ್ಜ್ ತುಂಬುವುದು ಬಿಕ್ಯು24193, ಅದು ಬೇರೆ.

ಸ್ವಿಚ್ ಬಿಚ್ಚುವ ಮೊದಲು ಮೈಕ್ರೊಎಸ್‌ಡಿ ಕಾರ್ಡ್ ತೆಗೆಯಲೇಬೇಕು. ಕಾರ್ಡ್ ಒಳಗಿದ್ದಾಗ ಹಿಂಬದಿ ಎತ್ತಿದರೆ ರೀಡರ್ ಹಾಳಾಗಬಹುದು. ಪೂರ್ತಿ ಆಫ್ ಮಾಡಿ, ಸ್ಲೀಪ್ ಸಾಲದು. ಹಿಂಬದಿಯಲ್ಲಿ ನಾಲ್ಕು ವೈ00, ಅಂಚುಗಳಲ್ಲಿ ಮತ್ತು ರೈಲುಗಳಲ್ಲಿ ಚಿಕ್ಕ ಪ್ಲಸ್ ಸ್ಕ್ರೂಗಳು, ಸ್ಟ್ಯಾಂಡ್‌ನ ಅಡಿ ಇನ್ನೊಂದು. ಉದ್ದಗಳು ಬೇರೆ ಬೇರೆ, ಹಾಗಾಗಿ ಕಾಗದದ ಮೇಲೆ ಸ್ವಿಚ್‌ನ ಚಿತ್ರ ಬರೆದು ಆಯಾ ಜಾಗದಲ್ಲೇ ಚುಚ್ಚಿಡಿ. ಒಳಗೆ ಲೋಹದ ತಗಡು, ಅದರ ಅಡಿ ಗುಲಾಬಿ ಬಣ್ಣದ ದಪ್ಪ ಥರ್ಮಲ್ ಅಂಟು. ತಗಡು ಮತ್ತು ಹೀಟ್‌ಸಿಂಕ್ ನಡುವಿನ ಸಂದು ಅಗಲವಾದ್ದರಿಂದ ಕಂಪ್ಯೂಟರ್ ಪ್ರೊಸೆಸರ್‌ಗೆ ಹಾಕುವ ತೆಳು ಪೇಸ್ಟ್ ಅಲ್ಲಿ ಆಗದು. ಹಳೆಯದನ್ನೇ ಒಟ್ಟುಮಾಡಿ ಮತ್ತೆ ಹಾಕಿ, ಇಲ್ಲವೇ ದಪ್ಪನೆಯ ಪುಟ್ಟಿ ತನ್ನಿ. ಇಲ್ಲಿಯವರೆಗೆ ಬಂದಿದ್ದೀರಿ ಅಂದರೆ ಫ್ಯಾನ್‌ನ ಧೂಳನ್ನೂ ತೆಗೆದುಬಿಡಿ. ರೆಕ್ಕೆಯನ್ನು ಬೆರಳಲ್ಲಿ ಹಿಡಿದು ಊದಿ, ಬಿಟ್ಟು ಊದಿದರೆ ಅತಿವೇಗಕ್ಕೆ ತಿರುಗಿ ಬೇರಿಂಗ್ ಹಾಳಾಗುತ್ತದೆ. ಎಲ್ಲಕ್ಕಿಂತ ಮೊದಲು ಬ್ಯಾಟರಿ ಕನೆಕ್ಟರ್ ಬಿಡಿಸಿರಬೇಕು.

ಮಲ್ಟಿಮೀಟರ್‌ನಲ್ಲಿ ಎಂ92ಟಿ36 ಸುತ್ತಲಿನ ಕೆಪಾಸಿಟರ್‌ಗಳನ್ನು ನೋಡಿದಾಗ ಒಂದರ ಎರಡೂ ತುದಿ ಗ್ರೌಂಡ್‌ಗೆ ಶಾರ್ಟ್ ತೋರಿಸಿತು. ಐಸಿ ಹೋಗಿದೆ ಎಂಬುದಕ್ಕೆ ಇದು ಬಲವಾದ ಸೂಚನೆ. ಇಲ್ಲಿಂದ ಮುಂದಿನದು ಹಾಟ್ ಏರ್ ಕೆಲಸ. ಐಸಿಯ ಹೊಟ್ಟೆಯ ಕೆಳಗೆ ದೊಡ್ಡ ಗ್ರೌಂಡ್ ಪ್ಯಾಡ್ ಇದೆ, ಬೋರ್ಡ್ ಶಾಖವನ್ನು ಬೇಗ ಹೀರುತ್ತದೆ, ಪಕ್ಕದ ಪ್ಲಾಸ್ಟಿಕ್ ಕನೆಕ್ಟರ್‌ಗಳನ್ನು ಟೇಪ್‌ನಿಂದ ಕಾಪಾಡಬೇಕು. ಫೋನ್ ಬೋರ್ಡ್‌ಗಳಲ್ಲಿ ದಿನವೂ ಇಂಥ ಐಸಿ ಬದಲಿಸುವವರಿಗೆ ಇದು ಕಷ್ಟವಲ್ಲ. ಹೊಸದಾಗಿ ಹಾಟ್ ಏರ್ ಕೊಂಡವರು ಕಲಿಯಲು ಆರಿಸಬೇಕಾದ ಬೋರ್ಡ್ ಖಂಡಿತ ಇದಲ್ಲ.

ಅಂಗಡಿಗೆ ಕೊಡುವ ಮೊದಲು ಒಂದು ಮಾತು ಸ್ಪಷ್ಟವಾಗಿ ಹೇಳಿ: ಐಸಿ ಬದಲಿಸಿ, ಬೋರ್ಡ್ ಬದಲಿಸಬೇಡಿ. ಆಟಗಳ ಸೇವ್ (ಎಲ್ಲಿಯವರೆಗೆ ಆಡಿದ್ದೀರಿ ಎಂಬ ದಾಖಲೆ) ಇರುವುದು ಮೈಕ್ರೊಎಸ್‌ಡಿ ಕಾರ್ಡಿನಲ್ಲಲ್ಲ, ಯಂತ್ರದ ಒಳಗಿನ 32 ಜಿಬಿ ಮೆಮೊರಿಯಲ್ಲಿ. ಅದು ಈ ಮಾದರಿಯಲ್ಲಿ ಕಳಚಿ ತೆಗೆಯಬಹುದಾದ ಚಿಕ್ಕ ಬೋರ್ಡ್ ಆದರೂ, ಅದರೊಳಗಿನ ದತ್ತಾಂಶವನ್ನು ಆಯಾ ಯಂತ್ರದ ಕೀಲಿಯಿಂದ ಲಾಕ್ ಮಾಡಿರುತ್ತಾರೆ. ಬೇರೆ ಸ್ವಿಚ್‌ನ ಮುಖ್ಯ ಬೋರ್ಡಿಗೆ ಅದನ್ನು ಹಾಗೇ ಸಿಕ್ಕಿಸಿದರೆ ಓದುವುದಿಲ್ಲ. ಸ್ವಿಚ್ ಇನ್ನೂ ಆನ್ ಆಗುತ್ತಿದ್ದರೆ, ಮತ್ತು ನಿಂಟೆಂಡೊ ಸ್ವಿಚ್ ಆನ್‌ಲೈನ್ ಚಂದಾ ಇದ್ದರೆ, ಸೇವ್‌ಗಳನ್ನು ಕ್ಲೌಡ್‌ಗೆ ಏರಿಸಿದ ಮೇಲೆಯೇ ಕೊಡಿ. ಕೆಲವು ಆಟಗಳು ಕ್ಲೌಡ್ ಸೇವ್‌ಗೆ ಅವಕಾಶ ಕೊಡುವುದಿಲ್ಲ, ಅಂಥವು ಯಾವುವು ಎಂದು ಮುಂಚೆ ನೋಡಿಕೊಳ್ಳಿ.

ಐಸಿ ಬದಲಾದ ಮೇಲೆ ಮೀಟರ್ 5ರಿಂದ 15 ವೋಲ್ಟ್‌ಗೆ ಹಾರಿತು. ಹಣ ಕೊಡುವ ಮೊದಲು ಅಂಗಡಿಯಲ್ಲೇ ಇದನ್ನು ನೋಡಿ, ಪ್ಲಗ್ ಮಗುಚಿ ಹಾಕಿ ಇನ್ನೊಮ್ಮೆ ನೋಡಿ, ನಿಂಟೆಂಡೊದ ಡಾಕ್‌ನಲ್ಲೇ ಇಟ್ಟು ಟಿವಿಯಲ್ಲಿ ಆಟ ಓಡಿಸಿ. 15 ವೋಲ್ಟ್ ಬಂದರೂ ಚಿತ್ರ ಬಾರದಿದ್ದರೆ, ವೀಡಿಯೊ ಮತ್ತು ಡೇಟಾ ದಾರಿಯನ್ನು ಬದಲಿಸುವ ಇನ್ನೊಂದು ಐಸಿ, ರಿಪೇರಿಯವರು ಪಿ13ಯುಎಸ್‌ಬಿ ಎನ್ನುವುದು, ಅದರ ಸರದಿ. ಗೇಮ್ ಕಾರ್ಡ್ ಹಾಕಿ ನೋಡುವುದನ್ನೂ ಮರೆಯಬೇಡಿ. ಕಾರ್ಡ್ ರೀಡರ್ ಮತ್ತು ಹೆಡ್‌ಫೋನ್ ಜಾಕ್ ಒಂದೇ ಚಿಕ್ಕ ಬೋರ್ಡ್‌ನಲ್ಲಿವೆ, ಮರಳಿ ಜೋಡಿಸುವಾಗ ಅದು ಸರಿಯಾಗಿ ಕೂರದಿರುವುದುಂಟು. ಅದಕ್ಕೆ ಬೆಸುಗೆ ಬೇಕಿಲ್ಲ, ಒತ್ತಿ ಕೂರಿಸಿದರೆ ಸಾಕು.

ಕೊನೆಗೆ ಉಳಿದದ್ದು ಸ್ವಿಚ್ ಜೊತೆಗೇ ಬಂದಿದ್ದ ಡಾಕ್. ಅದು ನಿಂಟೆಂಡೊದ್ದಲ್ಲ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ, ಹೆಸರಿಲ್ಲದ ಡಾಕ್. ಎಂ92ಟಿ36 ಸಾಯುವುದರ ಹಿಂದೆ ಇಂಥ ಡಾಕ್‌ಗಳು ಇರುವುದು ಬಹಳ ಸಲ. 2018ರ ಮಾರ್ಚ್‌ನಲ್ಲಿ ಸಿಸ್ಟಮ್ 5.0 ಬಂದಾಗ ಬೇರೆ ಕಂಪನಿಗಳ ಡಾಕ್‌ನಲ್ಲಿಟ್ಟ ಸ್ವಿಚ್‌ಗಳು ಸತ್ತವೆಂಬ ದೂರುಗಳು ಜಗತ್ತಿನ ಹಲವೆಡೆಯಿಂದ ಬಂದವು. ಹೊಸ ಐಸಿ ಹಾಕಿದ ಸ್ವಿಚ್ ಅನ್ನು ಮತ್ತೆ ಅದೇ ಡಾಕ್‌ನಲ್ಲಿ ಇಡಬಾರದು. ಪ್ರಯಾಣಕ್ಕೆ ಚಿಕ್ಕ ಡಾಕ್ ಬೇಕೇ ಬೇಕು ಅನ್ನುವವರು ಕೊಳ್ಳುವ ಮೊದಲು ಸ್ವಿಚ್ ಇಲ್ಲದೆ, ಯುಎಸ್‌ಬಿ-ಸಿ ಫೋನ್ ಅಥವಾ ಲ್ಯಾಪ್‌ಟಾಪ್ ಮತ್ತು ಮೀಟರ್ ಸೇರಿಸಿ, ಡಾಕ್ ಯಾವ ವೋಲ್ಟೇಜ್ ಕೊಡುತ್ತಿದೆ ಎಂದು ನೋಡಿಕೊಳ್ಳಲಿ. ಎದುರಿನ ಯಂತ್ರ ಕೇಳದೆಯೇ 5ಕ್ಕಿಂತ ಹೆಚ್ಚು ವೋಲ್ಟ್ ಹರಿಸುವ ಡಾಕ್ ಅನ್ನು ಅಲ್ಲೇ ಬಿಟ್ಟು ಬನ್ನಿ.